ಲಸಿಕೆಯ ಸರದಿಯಲ್ಲಿ ನಮ್ಮ ಮನೆಗಳು ಎಲ್ಲಿವೆ? ಕಾಸರಗೋಡು ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಎಣ್ಮಕಜೆ, 20 ಮಾರ್ಚ್ 2021

ಮಾನ್ಯ ಜಿಲ್ಲಾಧಿಕಾರಿಯವರಿಗೆ, ಜಿಲ್ಲಾ ವೈದ್ಯಾಧಿಕಾರಿಯವರಿಗೆ ಹಾಗೂ ಕೇರಳ ರಾಜ್ಯ ಆರೋಗ್ಯ ಇಲಾಖೆಯ ಕಾರ್ಯದರ್ಶಿಯವರಿಗೆ ಗೌರವಪೂರ್ವಕ ವಂದನೆಗಳು.

ನಾನು ಎಣ್ಮಕಜೆ ಪಂಚಾಯತಿನ ನಿವಾಸಿ. ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ 31 ವರ್ಷ ಪಾಠ ಹೇಳಿ ನಿವೃತ್ತಳಾದವಳು. ಈಗ ನನಗೆ 64 ವರ್ಷ. ಕಳೆದ ವಾರ, ಮಾರ್ಚ್ 12ರಂದು, ಕೊರೊನಾಕ್ಕೆ ಹಾಕುವ ಕೋವಿಶೀಲ್ಡ್ ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡೆ. ಅದಾಗಿ ಮೂರನೆಯ ದಿನ ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಮನೆಗೆ ಬಂದು, "ಟೀಚರ್, ನೀವು ಹೇಳಿದರೆ ಜನ ಕೇಳುತ್ತಾರೆ, ನನ್ನ ಜೊತೆ ನಾಲ್ಕು ಮನೆಗೆ ಬನ್ನಿ" ಎಂದು ಕೇಳಿಕೊಂಡರು. ಹೋಗಬೇಕೆಂಬ ಮನಸ್ಸು ನನಗೆ ಪೂರ್ತಿಯಾಗಿ ಇದೆ. ಆದರೆ ಹೊಸ್ತಿಲು ದಾಟುವ ಮುನ್ನ ಎರಡು ವಿಷಯಗಳು ನನಗೆ ತೀರ್ಮಾನವಾಗಬೇಕು. ಪ್ರಶ್ನೆ ಕೇಳುವವರಿಗೆ ನಾನು ಏನು ಉತ್ತರ ಕೊಡಲಿ ಎಂಬುದು ಒಂದು. ನಾನು ಹೋಗುವ ಮನೆಗಳಲ್ಲಿ ಯಾರಿಗೆ ಈ ಲಸಿಕೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರ ಸರದಿ ಯಾವಾಗ ಬರುತ್ತದೆ ಎಂಬುದು ಇನ್ನೊಂದು. ಈ ಪತ್ರ ಅದಕ್ಕಾಗಿ.

ಇದು ನನಗೇಕೆ ಇಷ್ಟು ಮುಖ್ಯವೆಂದು ತಮಗೆ ತಿಳಿಯಬೇಕಾದರೆ ನಾನು ಒಂದು ಹಳೆಯ ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಕೆಲಸಕ್ಕೆ ಸೇರಿದ್ದು 1981ರಲ್ಲಿ. ಶಾಲೆಯ ಹಿಂದಿನ ಗುಡ್ಡದ ತುಂಬ ಗೇರುತೋಟ, ಗುಡ್ಡದ ಬುಡದಲ್ಲಿ ನಮ್ಮೆಲ್ಲರ ಮನೆಗಳು, ನಡುವೆ ಕುಡಿಯುವ ನೀರು ಬರುವ ಸುರಂಗಗಳು. ವರ್ಷಕ್ಕೆ ಎರಡು ಮೂರು ಸಲ ಹೆಲಿಕಾಪ್ಟರ್ ಬರುತ್ತಿತ್ತು. ಅದರ ಸದ್ದು ಕೇಳಿದ ಕೂಡಲೇ ಮಕ್ಕಳು ಸ್ಲೇಟು ಬಿಟ್ಟು ಅಂಗಳಕ್ಕೆ ಓಡಿ, ಮೇಲೆ ಕುಳಿತವನಿಗೆ ಕಾಣಲೆಂದು ಕೈಬೀಸುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಬಿಳಿ ಮಂಜಿನಂಥದೊಂದು ಇಳಿದು ಬಂದು ಶಾಲೆಯ ಹಂಚಿನ ಮೇಲೆ, ಬಾವಿಕಟ್ಟೆಯ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ ಕೂರುತ್ತಿತ್ತು. ಎರಡನೇ ತರಗತಿಯ ಹುಡುಗಿಯೊಬ್ಬಳು ಮೂಗು ಮುಚ್ಚಿಕೊಂಡು "ಇದೆಂಥದ್ದು ಟೀಚರ್, ನಾತ" ಎಂದು ಕೇಳಿದಾಗ, "ಗೇರುಮರಕ್ಕೆ ಮದ್ದು ಬಿಡುವುದು ಮಗಾ, ನಮಗೇನೂ ಆಗುವುದಿಲ್ಲ" ಎಂದು ಹೇಳಿದವಳು ನಾನೇ. ಮೇಲಿನವರು ನನಗೆ ಹಾಗೆ ಹೇಳಿದ್ದರು, ನಾನು ಮಕ್ಕಳಿಗೆ ಹಾಗೆ ಹೇಳಿದೆ.

ನಮ್ಮ ಊರಿನ ಮಾತಿನಲ್ಲಿ ಕಾಯಿಲೆಗೆ ಕುಡಿಸುವುದೂ ಮದ್ದು, ಅಡಿಕೆಗೆ ಕೊಳೆರೋಗ ಬಾರದಂತೆ ಸಿಂಪಡಿಸುವುದೂ ಮದ್ದು, ಗೇರುಹೂವಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಆಕಾಶದಿಂದ ಸುರಿದ ಎಂಡೋಸಲ್ಫಾನೂ ಮದ್ದೇ. 1970ರ ದಶಕದ ಕೊನೆಯಿಂದ 2000ದವರೆಗೆ, ಸುಮಾರು ಎರಡು ದಶಕಕ್ಕೂ ಹೆಚ್ಚು ಕಾಲ, ಜಿಲ್ಲೆಯ ಹನ್ನೊಂದು ಪಂಚಾಯತುಗಳ ಮೇಲೆ ಆ ಮದ್ದು ಬಿತ್ತು. ಮೊದಲು ಕರುಗಳು ಕಾಲು ತಿರುಚಿಕೊಂಡು ಹುಟ್ಟಿದವು, ಜೇನುಹುಳುಗಳು ಕಾಣೆಯಾದವು. ಆಮೇಲೆ ತಲೆ ದೊಡ್ಡದಾಗುತ್ತಲೇ ಹೋದ, ಕತ್ತು ನಿಲ್ಲದ, ಮಾತು ಬಾರದ, ದಿನಕ್ಕೆ ಹಲವು ಸಲ ಅಪಸ್ಮಾರ ಬರುವ ಮಕ್ಕಳು ಹುಟ್ಟಿದರು. ಇದನ್ನು ಊರಿನ ವೈದ್ಯರು ಹೇಳಿದರು, ಪತ್ರಕರ್ತರು ಬರೆದರು, ತಾಯಂದಿರು ಬೀದಿಗೆ ಬಂದರು. ಆಗಲೂ ನಮಗೆ ಸಿಕ್ಕ ಉತ್ತರ "ಇದು ಸುರಕ್ಷಿತ, ಜನರಲ್ಲಿ ಅನಗತ್ಯ ಭೀತಿ ಹುಟ್ಟಿಸಬೇಡಿ" ಎಂಬುದೇ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಪರಿಹಾರಕ್ಕೆ ಶಿಫಾರಸು ಮಾಡಿದ್ದು 2010ರ ಡಿಸೆಂಬರ್ 31ರಂದು, ದೇಶದಲ್ಲಿ ಎಂಡೋಸಲ್ಫಾನ್ ನಿಲ್ಲಿಸಲು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2011ರ ಮೇ 13ರಂದು, ಸಂತ್ರಸ್ತರಿಗೆ ಮೂರು ತಿಂಗಳೊಳಗೆ ಐದು ಲಕ್ಷ ರೂಪಾಯಿ ಕೊಡಬೇಕೆಂದು ಅದೇ ನ್ಯಾಯಾಲಯ ಹೇಳಿದ್ದು 2017ರ ಜನವರಿಯಲ್ಲಿ. ಅದಾಗಿ ಎರಡು ವರ್ಷದ ಬಳಿಕ, 2019ರಲ್ಲೂ, ನಮ್ಮ ತಾಯಂದಿರು ತಿರುವನಂತಪುರದ ಬೀದಿಯಲ್ಲಿ ಉಪವಾಸ ಕೂರಬೇಕಾಯಿತು.

ಆದ್ದರಿಂದ ಮಾನ್ಯರೇ, ನಮ್ಮ ಗುಡ್ಡದ ಜನ ಹೊಸ ಲಸಿಕೆಯ ಮುಂದೆ ಒಂದು ಹೆಜ್ಜೆ ಹಿಂದೆ ಸರಿದು "ಇದು ಏನು, ಯಾರ ಮೇಲೆ ಪರೀಕ್ಷೆ ಆಗಿದೆ, ಏನಾದರೂ ಆದರೆ ಯಾರು ನೋಡಿಕೊಳ್ಳುತ್ತಾರೆ" ಎಂದು ಕೇಳಿದರೆ ದಯವಿಟ್ಟು ಅದನ್ನು ಅಜ್ಞಾನವೆಂದು, ಮೂಢನಂಬಿಕೆಯೆಂದು ಬರೆದುಕೊಳ್ಳಬೇಡಿ. ಇದೇ ತಾಯಂದಿರು ಪಲ್ಸ್ ಪೋಲಿಯೋ ದಿನ ಬೆಳಗ್ಗೆ ಎಂಟಕ್ಕೇ ಕೂಸನ್ನು ಸೊಂಟದಲ್ಲಿ ಇಟ್ಟುಕೊಂಡು ಅಂಗನವಾಡಿಯ ಮುಂದೆ ನಿಂತವರು. ನನ್ನ ತೋಳಿನ ಮೇಲೆ ದೇವಿ ಹಾಕಿಸಿದ ಗುರುತು ಈಗಲೂ ಇದೆ. ಸಿಡುಬು ಹೋದದ್ದು, ಪೋಲಿಯೋ ಹೋದದ್ದು ಲಸಿಕೆಯಿಂದಲೇ ಎಂದು ಮೂರು ದಶಕ ಪಾಠ ಮಾಡಿದವಳು ನಾನು. ನಮ್ಮಲ್ಲಿ ಲಸಿಕೆಯ ವಿರೋಧಿಗಳು ಇಲ್ಲವೆಂದಲ್ಲ. ಇದ್ದಾರೆ, ಮೊಬೈಲಿನಲ್ಲಿ ಬಂದದ್ದನ್ನೆಲ್ಲ ನಂಬುವವರೂ ಇದ್ದಾರೆ. ಆದರೆ ಅವರು ಕೆಲವರು. ಹೆಚ್ಚಿನವರು ನಿರಾಕರಿಸುತ್ತಿಲ್ಲ, ಕೇಳುತ್ತಿದ್ದಾರೆ. ಕೇಳಿದ್ದಕ್ಕೆ ಉತ್ತರ ಸಿಗದಿದ್ದಾಗ ಮಾತ್ರ ಅದು ನಿರಾಕರಣೆಯಾಗುತ್ತದೆ.

ಎಂಡೋಸಲ್ಫಾನಿಗೂ ಈ ಲಸಿಕೆಗೂ ಇರುವ ವ್ಯತ್ಯಾಸ ನನಗೆ ಗೊತ್ತಿದೆ. ಅದನ್ನು ಇಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ ನಾನು ಮತ್ತೊಂದು ತಪ್ಪು ಮಾಡಿದಂತಾಗುತ್ತದೆ. ಆ ಮದ್ದನ್ನು ನಮ್ಮ ಮೇಲೆ ಸುರಿಯುವ ಮುನ್ನ ಯಾರೂ ನಮ್ಮನ್ನು ಕೇಳಲಿಲ್ಲ. ಬಾವಿ ಮುಚ್ಚಿಡಿ ಎಂದು ಹೇಳಿ ಹೋದರು, ಅಷ್ಟೇ. ಈ ಲಸಿಕೆಯನ್ನು ಒಪ್ಪಿಗೆ ಕೊಟ್ಟ ಸಾವಿರಾರು ಮಂದಿಯ ಮೇಲೆ, ಲಸಿಕೆ ಪಡೆದ ಗುಂಪು ಮತ್ತು ಪಡೆಯದ ಗುಂಪನ್ನು ಹೋಲಿಸಿ ನೋಡಲಾಗಿದೆ. ಹಾಕಿದ ಮೇಲೆ ಅರ್ಧ ಗಂಟೆ ಕೂರಿಸಿ ಗಮನಿಸುತ್ತಾರೆ, ಹೆಸರು ಬರೆದಿಡುತ್ತಾರೆ. ಬೇಡವೆಂದು ಎದ್ದು ಹೋಗುವ ಹಕ್ಕು ನಮಗಿದೆ. ಹಾಕಿಸಿಕೊಳ್ಳಬೇಕೆಂದು ನಾನು ತೀರ್ಮಾನಿಸಿದ್ದು ಈ ವ್ಯತ್ಯಾಸವನ್ನು ನೋಡಿಯೇ. ಆದರೆ ಇದನ್ನು ಜನರ ಕಣ್ಣಿಗೆ ಕಾಣುವಂತೆ ಮಾಡುವುದು ತಮ್ಮ ಕೆಲಸ. ಆ ಕೆಲಸ ನಾನು ಕಂಡಂತೆ ಆಗುತ್ತಿಲ್ಲ.

ಮಾರ್ಚ್ 12ರಂದು ನಾನು ಹೋದ ಲಸಿಕಾ ಕೇಂದ್ರದ ಹೆಸರು ಹೇಳುವುದಿಲ್ಲ, ಏಕೆಂದರೆ ಅಲ್ಲಿನ ಸಿಬ್ಬಂದಿಯನ್ನು ದೂರುವುದು ನನ್ನ ಉದ್ದೇಶವಲ್ಲ. ಬೆಳಗ್ಗಿನಿಂದ ನಿಂತೇ ಇದ್ದ ಆ ನರ್ಸ್ ನನ್ನ ತೋಳು ಒರೆಸುವಾಗಲೂ "ಅಮ್ಮಾ, ಕೈ ಸಡಿಲ ಬಿಡಿ" ಎಂದು ಮೆಲ್ಲಗೆ ಹೇಳಿದರು. ನನ್ನ ಮುಂದೆ ಒಬ್ಬರು ಹಿರಿಯರಿದ್ದರು, ಎಪ್ಪತ್ತೈದು ದಾಟಿದವರು. ಮಗನ ಜೊತೆ ಜೀಪಿನಲ್ಲಿ ಬಂದಿದ್ದರು, ಸರ್ಕಾರಿ ಸೇವೆಗಳ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿದ ಚೀಟಿ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಇತ್ತು. ಅವರ ಕೈಗೆ ಕೊಟ್ಟ ಮಾಹಿತಿಪತ್ರ ಮಲಯಾಳದಲ್ಲಿತ್ತು, ಮೊಬೈಲಿಗೆ ಬಂದ ಸಂದೇಶ ಇಂಗ್ಲಿಷಿನಲ್ಲಿತ್ತು. ಅವರು ಓದಬಲ್ಲದ್ದು ಕನ್ನಡ ಮಾತ್ರ. "ನಾನು ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತೇನೆ, ಇದು ಆಗುತ್ತದೋ" ಎಂದು ಅವರು ತುಳುವಿನಲ್ಲಿ ಮೂರು ಸಲ ಕೇಳಿದರು. ಮೇಜಿನ ಹಿಂದೆ ಇದ್ದ ಯುವಕ ದಕ್ಷಿಣದ ಜಿಲ್ಲೆಯವನಿರಬೇಕು, ಅವನಿಗೆ ತುಳುವೂ ತಿಳಿಯಲಿಲ್ಲ, ಕನ್ನಡವೂ ತಿಳಿಯಲಿಲ್ಲ. "ಕುಳಪ್ಪಮಿಲ್ಲ, ಕುಳಪ್ಪಮಿಲ್ಲ", ಏನೂ ತೊಂದರೆಯಿಲ್ಲ, ಎಂದು ಮಲಯಾಳದಲ್ಲಿ ಸಮಾಧಾನ ಹೇಳಿ ಮುಂದಿನವರನ್ನು ಕರೆದ. ನಾನು ನಡುವೆ ನಿಂತು ವೈದ್ಯರನ್ನು ಕರೆಸಿ ವಿಷಯ ತಿಳಿಸಬೇಕಾಯಿತು. ವೈದ್ಯರು ಬಂದು ಮಾತ್ರೆಯ ಪಟ್ಟಿ ನೋಡಿ, ಹಾಕಬಹುದೆಂದು ಹೇಳಿ, ಸೂಜಿ ಚುಚ್ಚಿದ ಜಾಗವನ್ನು ಹೆಚ್ಚು ಹೊತ್ತು ಒತ್ತಿಹಿಡಿಯಲು ನರ್ಸ್‌ಗೆ ಸೂಚಿಸಿದರು. ಎರಡು ನಿಮಿಷದ ಕೆಲಸ. ಆ ದಿನ ನಾನು ಅಲ್ಲಿ ಇರದಿದ್ದರೆ?

ರಕ್ತಸ್ರಾವದ ತೊಂದರೆ ಇರುವವರ ವಿಷಯದಲ್ಲಿ ವಿಶೇಷ ಎಚ್ಚರ ಬೇಕೆಂದು ಕೇಂದ್ರ ಸರ್ಕಾರವೇ ಜನವರಿಯಲ್ಲಿ ರಾಜ್ಯಗಳಿಗೆ ಬರೆದಿದೆ. ಹಿಂದೆ ಯಾವುದಾದರೂ ಔಷಧಿಗೋ ಲಸಿಕೆಗೋ ತೀವ್ರ ಅಲರ್ಜಿ ಆದವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಸದ್ಯಕ್ಕೆ ಪಡೆಯಬಾರದೆಂದೂ ಅದರಲ್ಲಿದೆ. ಇವನ್ನು ಕೇಳಿ ತಿಳಿಯುವುದು ಲಸಿಕೆ ಹಾಕುವ ಕ್ರಮದ ಒಂದು ಭಾಗ. ಕೇಳುವ ಭಾಷೆ ಬಾರದಿದ್ದರೆ ಆ ಭಾಗ ಬಿಟ್ಟುಹೋಗುತ್ತದೆ. ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡದ ವಿಷಯ ಎತ್ತಿದೊಡನೆ ಅದನ್ನು ಹಳೆಯ ಭಾಷಾಜಗಳದ ಬುಟ್ಟಿಗೆ ಹಾಕುವ ರೂಢಿ ಇದೆ. ಇಲ್ಲಿ ನಾನು ಕೇಳುತ್ತಿರುವುದು ನಾಮಫಲಕವನ್ನಲ್ಲ. ರಕ್ತ ತೆಳುವಾಗುವ ಮಾತ್ರೆ ತಿನ್ನುವ ಮುದುಕರೊಬ್ಬರು ತಮಗೆ ತಿಳಿಯುವ ಮಾತಿನಲ್ಲಿ ಅದನ್ನು ಹೇಳಲು, ಅದಕ್ಕೆ ಉತ್ತರ ಪಡೆಯಲು ಸಾಧ್ಯವಾಗಬೇಕು. ಈ ಎರಡು ತಾಲೂಕುಗಳ ಪ್ರತಿ ಕೇಂದ್ರದಲ್ಲಿ ಕನ್ನಡದ ಮಾಹಿತಿಪತ್ರ ಇರಲಿ; ಕನ್ನಡ, ತುಳು ಬಲ್ಲ ಒಬ್ಬ ಅಂಗನವಾಡಿ ಅಥವಾ ಕುಟುಂಬಶ್ರೀ ಮಹಿಳಾ ಸಂಘದ ಕಾರ್ಯಕರ್ತೆ ನೋಂದಣಿ ಮೇಜಿನ ಪಕ್ಕದಲ್ಲಿ ಇರಲಿ.

ಇನ್ನು ನಾನು ಮನೆಮನೆಗೆ ಹೋದಾಗ ಬರುವ ಪ್ರಶ್ನೆಗಳು. ಕೆಲವಕ್ಕೆ ನಾನೇ ಉತ್ತರಿಸಬಲ್ಲೆ. ಕೋವಿಶೀಲ್ಡಿನಲ್ಲಿ ಇರುವುದು ಚಿಂಪಾಂಜಿಗಳಲ್ಲಿ ನೆಗಡಿ ತರುವ ಒಂದು ವೈರಸ್. ಅದು ನಮ್ಮ ಮೈಯಲ್ಲಿ ಬೆಳೆಯದಂತೆ ಬದಲಾಯಿಸಿ, ಕೊರೊನಾದ ಮುಳ್ಳಿನ ಗುರುತನ್ನು ಮಾತ್ರ ಅದರ ಮೂಲಕ ಮೈಗೆ ತೋರಿಸಿಕೊಡುತ್ತಾರೆ. ಆದ್ದರಿಂದ ಲಸಿಕೆಯಿಂದಲೇ ಕೊರೊನಾ ಬರುವುದಿಲ್ಲ. ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ನನಗೂ ಆ ರಾತ್ರಿ ಚಳಿ ಬಂತು, ಪ್ಯಾರಾಸಿಟಮಾಲ್ ತಿಂದು ಮಲಗಿದೆ, ಮರುದಿನ ಮಧ್ಯಾಹ್ನಕ್ಕೆ ಅಂಗಳ ಗುಡಿಸಿದೆ. ಇಷ್ಟನ್ನು ನಾನು ಹೇಳಬಲ್ಲೆ. ಆದರೆ "ಟೀಚರ್, ಯುರೋಪಿನಲ್ಲಿ ಇದೇ ಲಸಿಕೆಯನ್ನು ನಿಲ್ಲಿಸಿದರಂತೆ" ಎಂದು ಕಾಲೇಜಿಗೆ ಹೋಗುವ ಹುಡುಗ ಕೇಳಿದರೆ? ಡೆನ್ಮಾರ್ಕ್ ಈ ತಿಂಗಳ 11ರಂದು, ಜರ್ಮನಿ, ಫ್ರಾನ್ಸ್, ಇಟಲಿ 15ರಂದು ರಕ್ತ ಹೆಪ್ಪುಗಟ್ಟಿದ ಕೆಲವು ಪ್ರಕರಣಗಳನ್ನು ನೋಡಿ ತಾತ್ಕಾಲಿಕವಾಗಿ ನಿಲ್ಲಿಸಿದ್ದು ನಿಜ. ಮೊನ್ನೆ 18ರಂದು ಯುರೋಪಿನ ಔಷಧ ಸಂಸ್ಥೆ, ಅಪಾಯಕ್ಕಿಂತ ಪ್ರಯೋಜನ ಹೆಚ್ಚು, ಆದರೆ ಅತಿ ಅಪರೂಪದ ಒಂದು ಬಗೆಯ ಹೆಪ್ಪುಗಟ್ಟುವಿಕೆಯ ಜೊತೆ ಸಂಬಂಧ ಇಲ್ಲವೆಂದು ಪೂರ್ತಿಯಾಗಿ ಹೇಳಲಾಗದು, ಎಚ್ಚರಿಕೆಯ ಮಾತನ್ನು ಮಾಹಿತಿಪತ್ರದಲ್ಲಿ ಸೇರಿಸುತ್ತೇವೆ ಎಂದು ತಿಳಿಸಿತು. ಮರುದಿನ ಆ ಮೂರೂ ದೇಶಗಳು ಮತ್ತೆ ಆರಂಭಿಸಿದವು. ಒಂದು ವಾರದಲ್ಲಿ ನಿಲ್ಲಿಸಿ, ನೋಡಿ, ಕಂಡದ್ದನ್ನೂ ಕಾಣದ್ದನ್ನೂ ಹೇಳಿ ಮುಂದುವರಿದರು. ನಮ್ಮ ಊರಿನಲ್ಲಿ 1980ರ ದಶಕದಲ್ಲಿ ಯಾರಾದರೂ ಹೀಗೆ ಒಂದು ವಾರ ಹೆಲಿಕಾಪ್ಟರ್ ನಿಲ್ಲಿಸಿದ್ದರೆ ಎಂದು ನಾನು ಆ ಸುದ್ದಿ ಓದುವಾಗ ಯೋಚಿಸಿದೆ.

ನಮ್ಮ ದೇಶದಲ್ಲಿ ಕೊಡುತ್ತಿರುವ ಇನ್ನೊಂದು ಲಸಿಕೆಯಾದ ಕೋವ್ಯಾಕ್ಸಿನ್ ವಿಷಯದಲ್ಲಿ ಹಾಗೆ ಆಗಲಿಲ್ಲವೆಂಬುದು ನನ್ನ ಬೇಸರ. ಅದಕ್ಕೆ ಅನುಮತಿ ಸಿಕ್ಕಿದ್ದು ಜನವರಿ 3ರಂದು. ಮೂರನೇ ಹಂತದ ಪ್ರಯೋಗದಲ್ಲಿ ಅದು ಎಷ್ಟು ರಕ್ಷಣೆ ಕೊಡುತ್ತದೆಂಬ ಮೊದಲ ಮಧ್ಯಂತರ ಲೆಕ್ಕ, ಶೇಕಡಾ 81, ಹೊರಬಿದ್ದದ್ದು ಮಾರ್ಚ್ 3ರಂದು. ನಡುವಿನ ಎರಡು ತಿಂಗಳು ದೇಶದ ಆರೋಗ್ಯ ಕಾರ್ಯಕರ್ತರು ಆ ಅಂಕಿ ಕೈಯಲ್ಲಿ ಇಲ್ಲದೆ ಒಪ್ಪಿಗೆಪತ್ರಕ್ಕೆ ಸಹಿ ಹಾಕಿ ತೋಳು ಒಡ್ಡಿದರು. ಲಸಿಕೆ ಒಳ್ಳೆಯದೇ ಇರಬಹುದು, ಈ ಅಂಕಿಯೂ ಭರವಸೆ ಕೊಡುವಂಥದ್ದೇ. ಆದರೆ ಮೊದಲು ಚುಚ್ಚಿ ಆಮೇಲೆ ಅಂಕಿ ಕೊಡುವ ಕ್ರಮ ನಮ್ಮಂಥ ಊರಿನಲ್ಲಿ ಹಳೆಯ ಗಾಯವನ್ನು ಕೆದಕುತ್ತದೆ.

ಜಿಲ್ಲಾ ಮಟ್ಟದಲ್ಲಿ ತಾವು ಮಾಡಬಹುದಾದದ್ದು ಇದೆ. ಲಸಿಕೆಯ ನಂತರ ಆದ ತೊಂದರೆಗಳನ್ನು ಪರಿಶೀಲಿಸುವ ಸಮಿತಿ ಪ್ರತಿ ಜಿಲ್ಲೆಯಲ್ಲಿಯೂ ಇರಬೇಕೆಂಬುದು ರಾಷ್ಟ್ರೀಯ ನಿಯಮ. ನಮ್ಮ ಜಿಲ್ಲೆಯಲ್ಲಿ ಈವರೆಗೆ ಎಷ್ಟು ಮಂದಿಗೆ ಲಸಿಕೆ ಹಾಕಲಾಗಿದೆ, ಎಷ್ಟು ಮಂದಿ ಆಸ್ಪತ್ರೆಗೆ ಸೇರಬೇಕಾಯಿತು, ಅವರಿಗೆ ಆದದ್ದು ಲಸಿಕೆಯಿಂದಲೋ ಬೇರೆ ಕಾರಣದಿಂದಲೋ ಎಂಬುದನ್ನು ಹೆಸರು ಬಿಟ್ಟು, ಎರಡು ವಾರಕ್ಕೊಮ್ಮೆ, ಕನ್ನಡ ಮತ್ತು ಮಲಯಾಳ ಎರಡರಲ್ಲೂ ಪಂಚಾಯತು ಕಚೇರಿಯ ಫಲಕದಲ್ಲಿ ಅಂಟಿಸಿ. ಅಂಕಿ ಸೊನ್ನೆಯಾದರೆ ಸೊನ್ನೆಯೆಂದು, ಮೂರಾದರೆ ಮೂರೆಂದು ಬರೆಯಿರಿ. ಮೂರನ್ನು ಮುಚ್ಚಿಟ್ಟರೆ ಊರು ಅದನ್ನು ಮುನ್ನೂರು ಮಾಡಿಕೊಳ್ಳುತ್ತದೆ. ಜೊತೆಗೆ, ಲಸಿಕೆಯಿಂದಲೇ ತೀವ್ರ ತೊಂದರೆಯಾಯಿತೆಂದು ಸಾಬೀತಾದರೆ ಚಿಕಿತ್ಸೆಯ ಪೂರ್ತಿ ಖರ್ಚನ್ನು ಸರ್ಕಾರ ಭರಿಸುತ್ತದೆಂದು ರಾಜ್ಯ ಸರ್ಕಾರ ಲಿಖಿತವಾಗಿ ಹೇಳಲಿ. ಪರಿಹಾರಕ್ಕಾಗಿ ಎರಡು ದಶಕ ಕಾದ ಜನರಿಗೆ ಬಾಯಿಮಾತಿನ ಭರವಸೆ ಸಾಲದು.

ಈಗ ಸರದಿಯ ವಿಷಯಕ್ಕೆ ಬರುತ್ತೇನೆ. ನನ್ನ ಮನಸ್ಸಿನಲ್ಲಿ ಹೆಚ್ಚು ಭಾರವಾಗಿ ಕುಳಿತಿರುವುದು ಇದೇ.

ಆರೋಗ್ಯ ಕಾರ್ಯಕರ್ತರಿಗೆ ಮೊದಲು ಕೊಟ್ಟದ್ದು ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಕಳೆದ ವರ್ಷ ನಮ್ಮ ಆಶಾ ಕಾರ್ಯಕರ್ತೆ ಒಂದು ಬಟ್ಟೆಯ ಮಾಸ್ಕ್ ಕಟ್ಟಿಕೊಂಡು ಕ್ವಾರಂಟೈನ್ ಮನೆಗಳಿಗೆ ಅಕ್ಕಿ, ಮಾತ್ರೆ ತಲುಪಿಸಿದ್ದನ್ನು ಕಣ್ಣಾರೆ ಕಂಡವಳು ನಾನು. ಆದರೆ ಆ ಕ್ರಮದಿಂದ ಒಂದು ಅಡ್ಡಪರಿಣಾಮ ಆಯಿತು. ಜನವರಿಯಲ್ಲಿ ರಾಜ್ಯಕ್ಕೆ ಮೊದಲು ಬಂದ 4,33,500 ಡೋಸ್‌ಗಳಲ್ಲಿ ಕಾಸರಗೋಡಿಗೆ ಸಿಕ್ಕಿದ್ದು 6,860, ಎಲ್ಲ ಜಿಲ್ಲೆಗಳಿಗಿಂತ ಕಡಿಮೆ. 2011ರ ಜನಗಣತಿಯಂತೆ ಎಂಟು ಲಕ್ಷ ಚಿಲ್ಲರೆ ಜನರಿರುವ ವಯನಾಡಿಗೆ 9,590 ಸಿಕ್ಕಿತು. ನಾವು ಹದಿಮೂರು ಲಕ್ಷ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ನೋಂದಾಯಿತ ಆರೋಗ್ಯ ಕಾರ್ಯಕರ್ತರ ಸಂಖ್ಯೆಗೆ ತಕ್ಕಂತೆ ಹಂಚಿದಾಗ, ಆಸ್ಪತ್ರೆಗಳೇ ಕಡಿಮೆ ಇರುವ ಜಿಲ್ಲೆಗೆ ಲಸಿಕೆಯೂ ಕಡಿಮೆ ಬರುತ್ತದೆ. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ 2013ರ ನವೆಂಬರ್‌ನಲ್ಲಿ ಶಿಲಾನ್ಯಾಸವಾಯಿತು, ಅದು ಪೂರ್ಣ ಆಸ್ಪತ್ರೆಯಾಗುವುದನ್ನು ನಾವು ಈಗಲೂ ಕಾಯುತ್ತಿದ್ದೇವೆ. ನಮ್ಮನ್ನು ನೋಡುವ ವೈದ್ಯರು ಮಂಗಳೂರಿನಲ್ಲಿದ್ದಾರೆ. ಇಲ್ಲದ ಸೌಕರ್ಯ ಮತ್ತೊಂದು ಇಲ್ಲದಿರುವಿಕೆಯನ್ನು ತಂದಿತು.

ಮಾರ್ಚ್ 1ರಿಂದ 60 ದಾಟಿದವರಿಗೂ, 45ರಿಂದ 59ರ ನಡುವಿನವರಲ್ಲಿ ನಿಗದಿತ 20 ಕಾಯಿಲೆಗಳ ಪೈಕಿ ಯಾವುದಾದರೂ ಇರುವವರಿಗೂ ಲಸಿಕೆ ಸಿಗುತ್ತಿದೆ. ಆ ಇಪ್ಪತ್ತನ್ನು ನಾನು ಒಂದೊಂದಾಗಿ ಓದಿದೆ. ಕೊನೆಯಲ್ಲಿ ಬೌದ್ಧಿಕ ಅಂಗವಿಕಲತೆ, ಬಹುವಿಧದ ಅಂಗವಿಕಲತೆ, ಹೆಚ್ಚಿನ ಆರೈಕೆ ಬೇಕಾದ ಅಂಗವಿಕಲತೆ ಇರುವವರನ್ನು ಸೇರಿಸಿದ್ದಾರೆ. ಅದನ್ನು ಓದಿದಾಗ ಒಂದು ಕ್ಷಣ ನನ್ನ ಎದೆ ತುಂಬಿ ಬಂತು, ನಮ್ಮ ಮಕ್ಕಳನ್ನು ಯಾರೋ ನೆನೆದಿದ್ದಾರೆ ಎಂದು. ಮರುಕ್ಷಣ ವಯಸ್ಸಿನ ಲೆಕ್ಕ ನೋಡಿದೆ. 2022ರ ಜನವರಿ 1ಕ್ಕೆ 45 ತುಂಬಿರಬೇಕು, ಅಂದರೆ 1977ರ ಜನವರಿ 1ರೊಳಗೆ ಹುಟ್ಟಿರಬೇಕು.

ಮಾನ್ಯರೇ, ಸಿಂಪಡಣೆ ಆರಂಭವಾದದ್ದೇ 1970ರ ದಶಕದ ಕೊನೆಯಲ್ಲಿ. ಅದರ ನಂತರ ತಾಯಿಯ ಹೊಟ್ಟೆಯಲ್ಲಿ ಇದ್ದವರು, ಹುಟ್ಟಿದವರು ಒಬ್ಬರೂ ಈ ವಯಸ್ಸಿನ ಗೆರೆಯ ಒಳಗೆ ಬರುವುದಿಲ್ಲ. ಪಟ್ಟಿ ಮಾಡಿದವರಿಗೆ ಕಾಸರಗೋಡು ಮನಸ್ಸಿನಲ್ಲಿ ಇರಲಿಲ್ಲ, ಅವರು ಇಡೀ ದೇಶಕ್ಕಾಗಿ ಗೆರೆ ಎಳೆದರು. ಆದರೆ ಆ ಗೆರೆ ನಮ್ಮ ಗುಡ್ಡದ ಮೇಲೆ ಬಿದ್ದಾಗ ನಮ್ಮ ಮಕ್ಕಳೆಲ್ಲರೂ ಅದರ ಆಚೆಗೆ ಉಳಿದರು.

ನನ್ನ ತಂಗಿಯ ಮಗ ಹುಟ್ಟಿದ್ದು 1988ರಲ್ಲಿ. ಅವನಿಗೆ ಈಗ 33 ವರ್ಷ, ತೂಕ ಒಂಬತ್ತನೇ ತರಗತಿಯ ಹುಡುಗನಷ್ಟು. ಚಾವಡಿಯ ಮೂಲೆಯಲ್ಲಿ ಚಾಪೆಯ ಮೇಲೆ ಮಲಗಿರುತ್ತಾನೆ. ಗಂಜಿಯನ್ನು ಅರೆದು ತೆಳ್ಳಗೆ ಮಾಡಿ, ತಲೆಯನ್ನು ತೊಡೆಯ ಮೇಲೆ ಎತ್ತರಿಸಿ ಇಟ್ಟುಕೊಂಡು, ಚಮಚದಲ್ಲಿ ನಾಲಿಗೆಯ ಬಲಬದಿಗೆ ಹಾಕಬೇಕು. ಎಡಬದಿಗೆ ಹಾಕಿದರೆ ನೆತ್ತಿಗೆ ಹತ್ತುತ್ತದೆ, ಆಮೇಲೆ ಎದೆಯಲ್ಲಿ ಕಫ ಕಟ್ಟಿ ಎರಡು ವಾರ ಆಸ್ಪತ್ರೆ. ಉಣ್ಣಿಸುವಷ್ಟು ಹೊತ್ತೂ ಅವನು ತಾಯಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿರುತ್ತಾನೆ, ಅವರಿಬ್ಬರ ಉಸಿರಿನ ನಡುವೆ ಒಂದು ಗೇಣು ಅಂತರ. ಅವನಿಗೆ ಮಾಸ್ಕ್ ಹಾಕಲು ಆಗುವುದಿಲ್ಲ. ಹಾಕಿದರೆ ಉಸಿರು ಕಟ್ಟಿದಂತಾಗಿ ಅಪಸ್ಮಾರ ಬರುತ್ತದೆ. ಲಸಿಕೆಗೆ 45 ತುಂಬಲು ಅವನಿಗೆ ಇನ್ನೂ 12 ವರ್ಷ ಬೇಕು. ನನ್ನ ತಂಗಿಗೆ 57 ವರ್ಷ. ಪಟ್ಟಿಯಲ್ಲಿರುವ ಕಾಯಿಲೆ ಯಾವುದೂ ಅವಳಿಗೆ ಇಲ್ಲ, ಬೆನ್ನುನೋವು ಪಟ್ಟಿಯಲ್ಲಿಲ್ಲ. ರೇಷನ್ ಅಂಗಡಿಗೆ, ಡಿಪೋಗೆ, ಬ್ಯಾಂಕಿಗೆ ಹೋಗಿ ಬರುವವಳು ಅವಳೇ. ರೋಗ ಆ ಮನೆಗೆ ಬಂದರೆ ಅವಳ ಮೂಲಕವೇ ಬರುತ್ತದೆ. ಬಂದರೆ ಇಬ್ಬರನ್ನೂ ಒಟ್ಟಿಗೆ ಹಿಡಿಯುತ್ತದೆ. ಅವಳನ್ನು ಆಸ್ಪತ್ರೆಗೆ ಸೇರಿಸಿದರೆ ಅವನಿಗೆ ಬಲಬದಿಯಲ್ಲಿ ಗಂಜಿ ಹಾಕುವವರು ಯಾರು?

ಹೆಚ್ಚು ಅಪಾಯದಲ್ಲಿ ಇರುವವರಿಗೆ ಮೊದಲು ಎಂಬ ನಿಯಮವನ್ನೇ ತಾವು ಪಾಲಿಸುತ್ತಿದ್ದೀರಿ. ಅದೇ ನಿಯಮದಿಂದ ನೋಡಿದರೂ ಈ ಮನೆಗಳು ಮುಂದೆ ಬರಬೇಕು. ಕಳೆದ ವರ್ಷ ಮಾರ್ಚಿನಲ್ಲಿ ಕರ್ನಾಟಕದ ಗಡಿಯ ಒಳರಸ್ತೆಗಳಿಗೆ ಮಣ್ಣು ಸುರಿದು, ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ತಡೆಯಲ್ಪಟ್ಟು, ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ನಮ್ಮ ಜಿಲ್ಲೆಯ ರೋಗಿಗಳು ಪ್ರಾಣ ಬಿಟ್ಟರು. ಕಳೆದ ತಿಂಗಳು ಮತ್ತೆ ಆರ್‌ಟಿಪಿಸಿಆರ್ ಎಂಬ ಕೊರೊನಾ ಪರೀಕ್ಷೆಯ ನೆಗೆಟಿವ್ ಪತ್ರವಿಲ್ಲದೆ ದಾಟುವಂತಿಲ್ಲ ಎಂಬ ಆದೇಶ ಬಂತು. ಬೇರೆ ಊರಿನಲ್ಲಿ ಕಾಯಿಲೆ ಬಂದರೆ ಆಸ್ಪತ್ರೆ ಇದೆಯೆಂಬ ಧೈರ್ಯ ಇರುತ್ತದೆ. ಇಲ್ಲಿ ಆಸ್ಪತ್ರೆಯ ದಾರಿಯೇ ಯಾವ ದಿನ ಮುಚ್ಚುತ್ತದೆಂದು ಹೇಳಲಾಗದು. ಬರದಂತೆ ತಡೆಯುವುದೊಂದೇ ನಮಗಿರುವ ಚಿಕಿತ್ಸೆ.

ವಯಸ್ಸಿನ ಗೆರೆ ಕೇಂದ್ರ ಸರ್ಕಾರದ್ದು, ಜಿಲ್ಲೆಯೋ ರಾಜ್ಯವೋ ಅದನ್ನು ತಾನಾಗಿ ಅಳಿಸಲಾರದು ಎಂಬುದು ನನಗೆ ತಿಳಿದಿದೆ. ರಾಜ್ಯ ಸರ್ಕಾರ ಬರೆಯಬಹುದು, ಒತ್ತಾಯಿಸಬಹುದು. ಬರೆಯಲು ಬೇಕಾದ ದಾಖಲೆಗಳೆಲ್ಲ ತಮ್ಮ ಕಚೇರಿಯಲ್ಲೇ ಇವೆ. ಎಂಡೋಸಲ್ಫಾನ್ ಸಂತ್ರಸ್ತರ ಸರ್ಕಾರಿ ಪಟ್ಟಿಯಲ್ಲಿ ಆರು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ, ವಿಳಾಸ ಇದೆ, ಯಾರಿಗೆ ಏನು ತೊಂದರೆಯೆಂಬುದು ವೈದ್ಯಕೀಯ ಶಿಬಿರಗಳಲ್ಲಿ ಬರೆದದ್ದಿದೆ. ಆ ಪಟ್ಟಿಗೆ ಸೇರಲು ನಾವು ಪಟ್ಟ ಪಾಡು ಬೇರೆ, 2017ರ ಶಿಬಿರದ ಬಳಿಕ ಬಿಟ್ಟುಹೋದವರ ಕಣ್ಣೀರು ಇನ್ನೂ ಆರಿಲ್ಲ. ಅವರನ್ನೂ ಈ ಕೆಲಸದಲ್ಲಿ ಸೇರಿಸಿಕೊಳ್ಳಬೇಕು. ಪಟ್ಟಿಯಲ್ಲಿ ಇರುವ 18 ದಾಟಿದವರು, ಜೊತೆಗೆ ಪ್ರತಿಯೊಬ್ಬರಿಗೆ ಒಬ್ಬ ಆರೈಕೆದಾರರು ಎಂದು ಲೆಕ್ಕ ಹಾಕಿದರೂ ಹನ್ನೆರಡು ಹದಿಮೂರು ಸಾವಿರ ಮಂದಿ ದಾಟಲಾರರು, ಎರಡು ಡೋಸ್ ಸೇರಿ ಇಪ್ಪತ್ತೈದು ಸಾವಿರದ ಸುತ್ತಮುತ್ತ. ರಾಜ್ಯಕ್ಕೆ ಇದು ದೊಡ್ಡ ಸಂಖ್ಯೆಯಲ್ಲ. 18 ತುಂಬದ ಮಕ್ಕಳಿಗೆ ನಮ್ಮ ದೇಶದಲ್ಲಿ ಕೊರೊನಾದ ಯಾವ ಲಸಿಕೆಯೂ ಇನ್ನೂ ಸಿಗುತ್ತಿಲ್ಲ. ಆ ಮನೆಗಳಲ್ಲಿ ತಾಯಿ ತಂದೆಗೆ ಹಾಕುವುದೇ ಮಗುವಿಗೆ ಕೊಡಬಹುದಾದ ರಕ್ಷಣೆ.

ಹೇಗೆ ತಲುಪಿಸುವುದು ಎಂಬ ಪ್ರಶ್ನೆಗೂ ನಮ್ಮಲ್ಲೇ ಉತ್ತರವಿದೆ. ನನ್ನ ತಂಗಿಯ ಮನೆಯಿಂದ ಡಾಮರು ರಸ್ತೆಗೆ ಮುಕ್ಕಾಲು ಕಿಲೋಮೀಟರ್ ಇಳಿಜಾರು. ಅವನನ್ನು ಆಸ್ಪತ್ರೆಗೆ ಒಯ್ಯುವುದೆಂದರೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸೀರೆಯಿಂದ ಕಟ್ಟಿ, ಇಬ್ಬರು ಗಂಡಸರು ಹೊತ್ತು ಇಳಿಸಿ, ಜೀಪಿನಲ್ಲಿ ಮಲಗಿಸುವುದು. ಆದರೆ ಹಾಸಿಗೆ ಹಿಡಿದವರನ್ನು ಮನೆಗೆ ಬಂದು ನೋಡುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಅದೇ ಇಳಿಜಾರನ್ನು ಹತ್ತಿ ಆಗಾಗ ಅವನ ಬಳಿಗೆ ಬರುತ್ತಾರೆ. ಅವನು ಯಾವ ಮಾತ್ರೆ ತಿನ್ನುತ್ತಾನೆ, ಜ್ವರ ಬಂದರೆ ಏನಾಗುತ್ತದೆ ಎಂದು ಅವರಿಗೆ ಬಾಯಿಪಾಠ. ಕೋವಿಶೀಲ್ಡನ್ನು ಎರಡರಿಂದ ಎಂಟು ಡಿಗ್ರಿಯಲ್ಲಿ ಇಡಬೇಕು, ಪೋಲಿಯೋ ಕಾಲದಿಂದ ನಮ್ಮ ನರ್ಸ್‌ಗಳು ಹೆಗಲಿಗೆ ತೂಗುಹಾಕಿಕೊಂಡು ಬರುವ ಆ ನೀಲಿ ಪೆಟ್ಟಿಗೆಗೆ ಅದು ಸಾಧ್ಯ. ಒಂದು ಸೀಸೆಯಲ್ಲಿ ಹತ್ತು ಡೋಸ್, ತೆರೆದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಆದ್ದರಿಂದ ಒಂದು ದಾರಿಯಲ್ಲಿ ಇರುವ ಐದು ಮನೆಗಳನ್ನು, ಮಗ ಮತ್ತು ತಾಯಿ ಸೇರಿ ಹತ್ತು ಮಂದಿಯನ್ನು ಒಂದು ಬೆಳಗ್ಗೆಗೆ ಗೊತ್ತುಮಾಡಬಹುದು. ಮನೆಗೆ ಹೋಗಿ ಹಾಕಲು ಈಗಿನ ನಿಯಮ ಬಿಡದಿದ್ದರೆ ಬೌದ್ಧಿಕ ಅಂಗವಿಕಲತೆ ಇರುವ ಮಕ್ಕಳಿಗಾಗಿ ಪಂಚಾಯತು ನಡೆಸುವ ಬಡ್ಸ್ ಶಾಲೆಯನ್ನೇ ಒಂದು ದಿನಕ್ಕೆ ಲಸಿಕಾ ಕೇಂದ್ರ ಮಾಡಿ, ವೈದ್ಯರೊಬ್ಬರನ್ನೂ ಆಂಬುಲೆನ್ಸನ್ನೂ ನಿಲ್ಲಿಸಿ. ಆ ಶಾಲೆಯ ದಾರಿ, ಬಸ್ಸು, ಟೀಚರುಗಳ ಮುಖ ಆ ಮಕ್ಕಳಿಗೆ ಪರಿಚಿತ. ಅಪರಿಚಿತ ಸಭಾಂಗಣದ ಟ್ಯೂಬ್‌ಲೈಟ್ ಬೆಳಕಿಗೇ ಅಪಸ್ಮಾರ ಬರುವವರಿದ್ದಾರೆ.

ಅಪಸ್ಮಾರದ ಮಾತು ಬಂದದ್ದರಿಂದ ಒಂದು ವಿಷಯವನ್ನು ಒತ್ತಿ ಹೇಳಬೇಕು. ಲಸಿಕೆ ಪಡೆಯಬಾರದವರ ಕೇಂದ್ರ ಸರ್ಕಾರದ ಪಟ್ಟಿಯಲ್ಲಿ ಅಪಸ್ಮಾರ ಇಲ್ಲ. ಆದರೆ ಲಸಿಕೆಯ ಮರುದಿನದ ಜ್ವರಕ್ಕೆ ಹೆದರುವ ತಾಯಿಗೆ "ಪಟ್ಟಿಯಲ್ಲಿ ಇಲ್ಲ" ಎಂಬುದು ಉತ್ತರವಲ್ಲ. ಜ್ವರ ಬರುವ ಮುನ್ನವೇ ಮಾತ್ರೆ ಕೊಡಬೇಕೋ, ಎಷ್ಟು ಹೊತ್ತಿಗೊಮ್ಮೆ, ಈಗ ಕೊಡುತ್ತಿರುವ ಅಪಸ್ಮಾರದ ಔಷಧಿಯ ಜೊತೆ ಅದು ಆಗುತ್ತದೋ, ರಾತ್ರಿ ಹನ್ನೊಂದಕ್ಕೆ ಸೆಳೆತ ಬಂದರೆ ಯಾವ ನಂಬರಿಗೆ ಕರೆ ಮಾಡಬೇಕು, ಆ ನಂಬರಿನಲ್ಲಿ ಕನ್ನಡ ಬಲ್ಲವರು ಇರುತ್ತಾರೋ. ನರರೋಗ ತಜ್ಞರಿಂದ ಈ ಐದು ಪ್ರಶ್ನೆಗಳಿಗೆ ಉತ್ತರ ಬರೆಸಿ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚುಹಾಕಿಸಿ ಕೊಡಿ. ಆ ಹಾಳೆ ಕೈಯಲ್ಲಿದ್ದರೆ ನಾನು ನಾಲ್ಕಲ್ಲ, ನಲವತ್ತು ಮನೆಗೆ ಹೋಗುತ್ತೇನೆ. ಅದಿಲ್ಲದೆ "ಏನೂ ಆಗುವುದಿಲ್ಲ" ಎಂಬ ಮಾತನ್ನು ಮತ್ತೊಮ್ಮೆ ಹೇಳಲು ನನ್ನಿಂದ ಆಗದು.

ಹಾಗೆಂದು ಉತ್ತರ ಸಿಗುವವರೆಗೆ ನಮ್ಮವರನ್ನು ಹಿಂದೆ ಇಡಿ, ಅವರಿಗೆ ಸಂಶಯವಿದೆಯಲ್ಲ, ಕೇಳುವವರಿಗೆ ಮೊದಲು ಕೊಡೋಣ ಎಂಬ ತೀರ್ಮಾನಕ್ಕೆ ದಯವಿಟ್ಟು ಬರಬೇಡಿ. ನಮ್ಮ ಸಂಶಯ ನಮ್ಮ ಮೇಲೆ ಆದ ಅನ್ಯಾಯದಿಂದ ಬಂದದ್ದು, ಅದರ ಹೆಸರಿನಲ್ಲಿ ನಮ್ಮ ಸರದಿ ಹಿಂದೆ ಹೋದರೆ ಅದು ಎರಡನೆಯ ಅನ್ಯಾಯವಾಗುತ್ತದೆ. ಉತ್ತರವೂ ಬೇಕು, ಸರದಿಯೂ ಬೇಕು.

ನನ್ನ ಎರಡನೇ ಡೋಸ್ ಏಪ್ರಿಲ್ 9ರಂದು. ಚುನಾವಣೆ ಮುಗಿದು ಮೂರನೆಯ ದಿನ. ಆ ಹೊತ್ತಿಗೆ ತಮ್ಮ ಕಚೇರಿಯಿಂದ ಒಂದು ಸಾಲು ಬಂದಿದ್ದರೆ ನಾನು ತಂಗಿಗೆ ಹೇಳಿ ಜೀಪು ಗೊತ್ತುಮಾಡಿಸುತ್ತೇನೆ. ಕುರ್ಚಿ, ಕಟ್ಟಲು ಹಳೆಯ ಸೀರೆ, ಹೊರಲು ಇಬ್ಬರು ನೆರೆಮನೆಯವರು ಸಿದ್ಧರಿದ್ದಾರೆ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಎಣ್ಮಕಜೆ ಪಂಚಾಯತು, ಕಾಸರಗೋಡು ಜಿಲ್ಲೆ